ಉಂಡ ಮನೆ, ಕೂತ ಕುರ್ಚಿ

ಹೋದ ತಿಂಗಳು ಊರಿಗೆ ಫೋನ್ ಮಾಡಿದಾಗ ಸೋದರಮಾವ ಒಂದು ಸುದ್ದಿ ಹೇಳಿದರು. ‘ನಮ್ಮ ಹಿಂದಿನ ಬೀದಿಯವನಿಗೆ ಬೋರ್ಡ್ ಸಿಕ್ತು ಕಣೋ. ಸರ್ಕಲ್‌ನಲ್ಲಿ ಆನೆಯಷ್ಟು ದೊಡ್ಡ ಫ್ಲೆಕ್ಸ್ ಹಾಕಿದಾರೆ.’

‘ಯಾವ ಬೋರ್ಡು ಮಾವ?’

‘ಯಾವುದೋ ಒಂದು. ಡೈರೆಕ್ಟರ್ ಅಂತೆ. ಯಾವುದಾದ್ರೇನು, ಸಿಕ್ತಲ್ಲ. ಪಾಪ, ಹದಿನೈದು ವರ್ಷದಿಂದ ಪಾರ್ಟಿಗೆ ದುಡೀತಿದ್ದ.’

ಮಾವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಸಂತೋಷವಿತ್ತು. ಆ ಮನುಷ್ಯ ಒಳ್ಳೆಯವನೇ, ನನಗೂ ಗೊತ್ತು. ಫೋನ್ ಇಟ್ಟ ಮೇಲೆ ತಲೆಯಲ್ಲಿ ಉಳಿದದ್ದು ಆ ‘ಸಿಕ್ತು’ ಎಂಬ ಮಾತು. ಯಾರಿಗಾದರೂ ಕೆಲಸ ಸಿಕ್ಕಿತು ಅಂದರೆ ಏನು ಕೆಲಸ ಎಂದು ಕೇಳುತ್ತೇವೆ. ಬೋರ್ಡ್ ಸಿಕ್ಕಿತು ಅಂದರೆ ಯಾರೂ ಹಾಗೆ ಕೇಳುವುದಿಲ್ಲ. ನಮ್ಮ ಪತ್ರಿಕೆಗಳಲ್ಲೂ ನೋಡಿ, ‘ನಿಗಮ-ಮಂಡಳಿ’ ಎಂಬ ಜೋಡಿ ಪದದ ಹಿಂದೆ ಮುಂದೆ ಬರುವ ಮಾತುಗಳು ಎರಡೇ: ಹಂಚಿಕೆ ಮತ್ತು ಅತೃಪ್ತರು. ಹಂಚುವುದು ಆಸ್ತಿಯನ್ನು, ಪ್ರಸಾದವನ್ನು. ಸಂವಿಧಾನದ 91ನೇ ತಿದ್ದುಪಡಿ 2003ರಲ್ಲಿ ಬಂದ ಮೇಲೆ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇ. 15ನ್ನು ಮೀರುವಂತಿಲ್ಲ. 224 ಸ್ಥಾನಗಳ ಕರ್ನಾಟಕದಲ್ಲಿ ಸಂಪುಟ 34ಕ್ಕೆ ನಿಲ್ಲುತ್ತದೆ. 2024ರ ಜನವರಿಯಲ್ಲಿ ಒಂದೇ ಪಟ್ಟಿಯಲ್ಲಿ ನಿಗಮ-ಮಂಡಳಿಗಳಿಗೆ ಅಧ್ಯಕ್ಷರಾದ ಶಾಸಕರೂ 34 ಮಂದಿ. ಇದು ಒಂದು ಪಕ್ಷದ ಕಥೆ ಎಂದು ದಯವಿಟ್ಟು ಓದಬೇಡಿ. ಪಟ್ಟಿಯ ಹೆಸರುಗಳು ಬದಲಾಗುತ್ತವೆ, ಪಟ್ಟಿ ಹಾಕುವ ರೀತಿ ಬದಲಾಗಿದ್ದನ್ನು ನಾನಂತೂ ನೋಡಿಲ್ಲ.

ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಭ್ರಷ್ಟಾಚಾರದ್ದಲ್ಲ. ಅದಕ್ಕಿಂತ ಮುಂಚಿನದು. ನನ್ನ ಮೇಲೆ ಕಣ್ಣಿಡಬೇಕಾದವರನ್ನು ನಾನೇ ಆರಿಸಬಹುದೆ? ಆರಿಸಿದರೆ, ಎಷ್ಟೇ ಒಳ್ಳೆಯವರನ್ನು ಆರಿಸಿದರೂ, ಅವರಿಗೆ ನಾನು ಏನು ಮಾಡಿದ ಹಾಗಾಯಿತು?

ಒಂದು ಮಂಡಳಿಯನ್ನು ಹತ್ತಿರದಿಂದ ನೋಡೋಣ. ನಾನು ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಎರಡು ವರ್ಷ ಕೊಳಚೆ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ನನ್ನ ತಲೆಗೆ ಬಂದಿತ್ತು. (ಇಂಜಿನಿಯರ್ ಅಲ್ವಾ ಸಾರ್ ನೀವು ಅಂದರು. ನನ್ನ ಎಂ.ಟೆಕ್ ಇರುವುದು ಕಂಪ್ಯೂಟರ್‌ನಲ್ಲಿ.) ಅದರ ಸಮ್ಮತಿಪತ್ರದ ಕಾಗದಗಳನ್ನು ಓದುತ್ತಾ ಕುತೂಹಲಕ್ಕೆ ಮೂಲ ಕಾಯ್ದೆಯನ್ನೇ ತೆರೆದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ. ಅದನ್ನು ಸಂಸತ್ತು ಮಾಡಬೇಕೆಂದು ಮೊದಲಿಗೆ ಗೊತ್ತುವಳಿ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪ್ರತಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹೇಗಿರಬೇಕು ಎಂಬುದು ಅದರ 4ನೇ ಸೆಕ್ಷನ್ನಿನಲ್ಲಿದೆ.

ಒಬ್ಬ ಅಧ್ಯಕ್ಷ, ಪರಿಸರ ರಕ್ಷಣೆಯ ವಿಷಯಗಳಲ್ಲಿ ವಿಶೇಷ ತಿಳಿವಳಿಕೆ ಅಥವಾ ಅನುಭವ ಇರುವವರಾಗಬೇಕು. ಸರ್ಕಾರವನ್ನು ಪ್ರತಿನಿಧಿಸುವ ಅಧಿಕಾರಿಗಳು, ಐವರನ್ನು ಮೀರದಂತೆ. ಪಾಲಿಕೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು, ಅವರೂ ಐವರನ್ನು ಮೀರದಂತೆ. ಕೃಷಿ, ಮೀನುಗಾರಿಕೆ, ಉದ್ದಿಮೆ, ವ್ಯಾಪಾರ ಇತ್ಯಾದಿ ಹಿತಗಳ ಪರವಾಗಿ ಸರ್ಕಾರೇತರರು, ಮೂವರನ್ನು ಮೀರದಂತೆ. ಸರ್ಕಾರಿ ಕಂಪನಿಗಳಿಂದ ಇಬ್ಬರು. ಕೊನೆಗೆ ಒಬ್ಬ ಪೂರ್ಣಾವಧಿ ಸದಸ್ಯ ಕಾರ್ಯದರ್ಶಿ. ಕೂಡಿಸಿದರೆ ಹೆಚ್ಚೆಂದರೆ ಹದಿನೇಳು ಕುರ್ಚಿ. ಹದಿನೇಳಕ್ಕೂ ಹೆಸರು ಬರೆಯುವ ಕೈ ಒಂದೇ, ರಾಜ್ಯ ಸರ್ಕಾರದ್ದು.

ಇನ್ನು ಈ ಮಂಡಳಿ ಯಾರ ಮೇಲೆ ಕಣ್ಣಿಡಬೇಕು? ಕೆರೆಗೆ ಕೊಳಚೆ ಬಿಡುವ ಊರಿನ ಪಾಲಿಕೆಯ ಮೇಲೆ, ಹೊಳೆಗೆ ರಾಸಾಯನಿಕ ಬಿಡುವ ಕಾರ್ಖಾನೆಯ ಮೇಲೆ, ಅದು ಸರ್ಕಾರಿ ಕಾರ್ಖಾನೆಯಾದರೆ ಸರ್ಕಾರದ ಮೇಲೆಯೇ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತಲ್ಲ, ನೀರಿಗೆ ಬೆಂಕಿ ಹತ್ತುವುದನ್ನು ಟೀವಿಯಲ್ಲಿ ನೋಡಿ ಇಲ್ಲಿನ ನನ್ನ ತಮಿಳು ಸಹೋದ್ಯೋಗಿಗಳು ನನ್ನನ್ನು ಕೇಳುತ್ತಿದ್ದರು, ಇದು ಹೇಗೆ ಸಾಧ್ಯ ಎಂದು. ಅಂಥ ನೀರಿನ ವಿಷಯದಲ್ಲಿ ‘ಆಗದು’ ಅನ್ನಬೇಕಾದ ಜಾಗ ಇದು.

ಕಾಯ್ದೆ ಮಾಡಿದವರು ದಡ್ಡರಾಗಿರಲಿಲ್ಲ. ಯಾರು ಸದಸ್ಯರಾಗಬಾರದು ಎಂಬುದಕ್ಕೆ 6ನೇ ಸೆಕ್ಷನ್ನಿನಲ್ಲಿ ಒಂದು ಪಟ್ಟಿ ಇದೆ. ಕೊಳಚೆ ಶುದ್ಧೀಕರಿಸುವ ಯಂತ್ರಗಳನ್ನು ಮಾಡಿ ಮಾರುವ ಕಂಪನಿಯಲ್ಲಿ ಪಾಲಿದ್ದರೆ ಸದಸ್ಯತ್ವವಿಲ್ಲ. ಸರಿ ತಾನೆ, ಯಂತ್ರ ಮಾರುವವನು ಎಲ್ಲರಿಗೂ ಯಂತ್ರ ಕೊಳ್ಳಿ ಅಂದಾನು. ಆದರೆ ಕೊಳಚೆ ಬಿಡುವ ಕಾರ್ಖಾನೆಯಲ್ಲಿ ಪಾಲಿದ್ದವರ ಬಗ್ಗೆ ಅಂಥ ನೇರ ಮಾತಿಲ್ಲ. ಔಷಧಿ ಮಾರುವವನನ್ನು ಹೊರಗಿಟ್ಟು ಕಾಯಿಲೆ ಹರಡುವವನಿಗೆ ಬಾಗಿಲು ತೆರೆದಿಟ್ಟಂತಿದೆ ಎಂದು ನನಗೆ ಅನ್ನಿಸಿತು. ಉದ್ದಿಮೆಯವರನ್ನೂ ಕೂರಿಸಿಕೊಂಡು ಮಾತಾಡಿದರೆ ಕೆಲಸ ಸುಲಭ ಎಂಬ ಎಣಿಕೆ ಇದ್ದಿರಬಹುದು, ಇರಲಿ.

ಅವಧಿ ಮೂರು ವರ್ಷ. ಅವಧಿಗೆ ಮುಂಚೆಯೇ, ಕಾರಣ ಹೇಳಲು ಅವಕಾಶ ಕೊಟ್ಟು, ಸರ್ಕಾರ ಸದಸ್ಯರನ್ನು ತೆಗೆಯಬಹುದು. ಅವಧಿ ಮುಗಿದ ಮೇಲೆ ಮತ್ತೆ ನೇಮಿಸಲೂಬಹುದು. ಅಂದರೆ ಕೊಡುವ ಕೈ, ಕಿತ್ತುಕೊಳ್ಳುವ ಕೈ, ಮತ್ತೆ ಕೊಡಬಹುದಾದ ಕೈ ಎಲ್ಲ ಒಂದೇ. ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರಿನಲ್ಲಿ, ಟೆಚಿ ತಾಗಿ ತಾರಾ ಪ್ರಕರಣದಲ್ಲಿ, ಈ ಮಂಡಳಿಗಳಿಗೆ ತಕ್ಕ ಅರ್ಹತೆ ಇಲ್ಲದವರು ಬಂದು ಕೂರುತ್ತಿರುವುದರ ಬಗ್ಗೆ ಬೇಸರಪಟ್ಟು, ನೇಮಕಕ್ಕೆ ನಿಯಮ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಆರು ತಿಂಗಳ ಗಡುವು ಕೊಟ್ಟಿತು. 2024ರ ತಿದ್ದುಪಡಿಯೊಂದು ಅಧ್ಯಕ್ಷರ ನೇಮಕದ ಬಗೆಯನ್ನು ಕೇಂದ್ರ ಗೊತ್ತುಮಾಡಬೇಕು ಎಂದಿತು, ಮೊದಲಿಗೆ ಹಿಮಾಚಲ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಇಷ್ಟೆಲ್ಲದರಲ್ಲೂ ಚರ್ಚೆ ನಡೆಯುವುದು ಅರ್ಹತೆಯ ಸುತ್ತಲೇ. ಕುರ್ಚಿಯಲ್ಲಿ ತಜ್ಞರು ಕೂತರೆ ಎಲ್ಲ ಸರಿಹೋಗುತ್ತದೆ ಎಂಬಂತೆ.

ನನ್ನಂಥ ಎಂ.ಟೆಕ್‌ನವನಿಗೆ ಆ ಮಾತು ಇಷ್ಟವಾಗಬೇಕು. ಕೆಲವು ವರ್ಷಗಳ ಹಿಂದಿನವರೆಗೂ ಇಷ್ಟವಾಗುತ್ತಿತ್ತು. ಆಮೇಲೆ ನಾನೇ ಒಂದು ಮಂಡಳಿ ನೇಮಿಸಿದೆ.

ಸಣ್ಣದು, ಮೂರೇ ಜನ. ನಾನು ನಡೆಸುತ್ತಿದ್ದ ಪ್ರಾಜೆಕ್ಟ್ ಒಂದು ದೊಡ್ಡ ಸಂಸ್ಥೆಯ ಸಂಬಳದ ಲೆಕ್ಕವನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವುದು. ಗೋ-ಲೈವ್‌ಗೆ ಮುಂಚೆ ಸ್ವತಂತ್ರ ಪರಿಶೀಲನಾ ಸಮಿತಿಯೊಂದು ನೋಡಿ ವರದಿ ಕೊಡಬೇಕು ಎಂದು ಒಪ್ಪಂದದಲ್ಲಿತ್ತು. ಸಮಿತಿಗೆ ಮೂರು ಹೆಸರು ಸೂಚಿಸಿ ಎಂದು ನನಗೇ ಮೇಲ್ ಬಂತು. ಅದರಲ್ಲೇನೋ ತಪ್ಪಿದೆ ಎಂದು ಆಗ ನನಗೆ ಹೊಳೆಯಲೂ ಇಲ್ಲ. ಹತ್ತು ನಿಮಿಷದಲ್ಲಿ ಹೆಸರು ಕಳಿಸಿದೆ. ಮೂವರೂ ಸಮರ್ಥರು, ಪ್ರಮಾಣ ಮಾಡಿ ಹೇಳುತ್ತೇನೆ. ಅವರಲ್ಲೊಬ್ಬರು ಡೇಟಾ ವಿಷಯದಲ್ಲಿ ನನಗಿಂತ ಎಷ್ಟೋ ಪಾಲು ಬುದ್ಧಿವಂತರು. ಹಿಂದೊಮ್ಮೆ ಅವರು ಪ್ರಾಜೆಕ್ಟ್ ಇಲ್ಲದೆ ನಾಲ್ಕು ತಿಂಗಳು ಬೆಂಚಿನ ಮೇಲಿದ್ದಾಗ, ಕೆಲಸವೇ ಹೋಗಬಹುದು ಎಂಬ ಹೊತ್ತಿನಲ್ಲಿ, ನಾನು ನನ್ನ ತಂಡಕ್ಕೆ ಕರೆದುಕೊಂಡಿದ್ದೆ. ಹೆಸರು ಬರೆಯುವಾಗ ಅದು ನನಗೆ ನೆನಪಿತ್ತೆ? ಇರಲಿಲ್ಲ ಎಂದೇ ಬಹಳ ದಿನ ನಂಬಿಕೊಂಡಿದ್ದೆ.

ಪರಿಶೀಲನೆಯ ಮೂರನೆಯ ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅವರು ಬಂದು ನಿಂತರು. ಗುತ್ತಿಗೆ ಕಾರ್ಮಿಕರ ಓವರ್‌ಟೈಮ್ ಲೆಕ್ಕ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುತ್ತಿಲ್ಲ ಅಂದರು. ಆಮೇಲೆ ತಮಿಳಿನಲ್ಲಿ, ತಗ್ಗಿದ ದನಿಯಲ್ಲಿ, ‘ಸಾರ್, ಇದೈ ರಿಪೋರ್ಟ್‌ಲ ಪೋಡಲಾಮಾ?’ ಎಂದು ಕೇಳಿದರು. ಇದನ್ನು ವರದಿಯಲ್ಲಿ ಹಾಕಲೇ?

ಹಾಕಬೇಡಿ ಎಂದು ನಾನು ಹೇಳಲಿಲ್ಲ. ‘ನಿಮಗೆ ಬಿಟ್ಟಿದ್ದು’ ಅಂದೆ. ಗೋ-ಲೈವ್ ತಾರೀಕು ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಅವರು ಅದನ್ನು ವರದಿಯ ಕೊನೆಯ ಪುಟದಲ್ಲಿ, ಸಣ್ಣ ಗಮನಿಕೆ ಎಂಬ ತಲೆಬರಹದ ಕೆಳಗೆ, ಒಂದು ಸಾಲಿನಲ್ಲಿ ಬರೆದರು. ಆ ತಿಂಗಳು ಗುತ್ತಿಗೆಯವರ ಕೈಗೆ ಓವರ್‌ಟೈಮ್ ಇಲ್ಲದ ಸಂಬಳ ಹೋಯಿತು. ಸರಿಪಡಿಸಲು ಹತ್ತೊಂಬತ್ತು ದಿನ ಹಿಡಿಯಿತು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರಿಗೆ ಹತ್ತೊಂಬತ್ತು ದಿನ ಎಂದರೆ ಎಷ್ಟು ಎಂಬುದು ನನ್ನ ಸಂಬಳದಲ್ಲಿ ಕೂತು ಅಂದಾಜು ಮಾಡುವ ವಿಷಯವಲ್ಲ.

ಅವರನ್ನು ನಾನು ದೂರಲಾರೆ. ‘ಹಾಕಲೇ’ ಎಂದು ಕೇಳಿದ್ದರಲ್ಲೇ ಅವರ ಪ್ರಾಮಾಣಿಕತೆ ಇತ್ತು. ನನ್ನನ್ನು ಕೇಳಿದ್ದರಲ್ಲಿ ಅವರ ಕೃತಜ್ಞತೆ ಇತ್ತು. ಎರಡೂ ಒಳ್ಳೆಯ ಗುಣಗಳೇ. ಅವೆರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸಿದವನು ನಾನು, ಹತ್ತು ನಿಮಿಷದ ಆ ಮೇಲ್‌ನಲ್ಲಿ.

ನಮ್ಮ ಕಡೆ ಇದು ಇನ್ನೂ ಗಟ್ಟಿಯಾದ ಗಂಟು. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂದು ಕೇಳಿಕೊಂಡೇ ಬೆಳೆದವರು ನಾವು. ಅನ್ನದ ಋಣ ತೀರಿಸುವುದನ್ನು ನಮ್ಮ ಕಾವ್ಯಗಳು ಎಷ್ಟು ಎತ್ತರದಲ್ಲಿಟ್ಟಿವೆ ಎಂದರೆ, ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿ ಕಾವ್ಯ ಬರೆದರೂ ಅವನ ಮನಸ್ಸು ಕರ್ಣನಿಗೆ ಸೋಲುತ್ತದೆ. ಕುಂತಿ ಬಂದು ಕರೆದರೂ ಹೋಗದವನು, ಹುಟ್ಟಿನ ಗುಟ್ಟು ತಿಳಿದ ಮೇಲೂ ಅಂಗರಾಜ್ಯ ಕೊಟ್ಟವನನ್ನು ಬಿಡದವನು. ಕನ್ನಡಿಗರಾಗಿ ನಾವೆಲ್ಲ ಕರ್ಣನ ಪಕ್ಷದವರು.

ಆದರೆ ಅದೇ ಭಾರತದ ಸಭಾಪರ್ವವನ್ನು ಒಮ್ಮೆ ನೆನಪಿಸಿಕೊಳ್ಳಿ. ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮ, ದ್ರೋಣರಂಥವರೇ ಸುಮ್ಮನೆ ಕೂತಿದ್ದರು. ಎದ್ದು ನಿಂತು ಇದು ಅನ್ಯಾಯ ಅಂದ ಒಬ್ಬನೇ ಕೌರವ ವಿಕರ್ಣ, ದುರ್ಯೋಧನನ ತಮ್ಮ. ಅವನನ್ನು ಗದರಿಸಿ ಕೂರಿಸಿದವನು ಯಾರು? ದುರ್ಯೋಧನನಲ್ಲ, ಕರ್ಣ. ಒಡೆಯ ಬಾಯಿ ತೆರೆಯುವ ಮೊದಲೇ ಋಣದಲ್ಲಿರುವವನು ಎದ್ದ. ಯಾರೂ ಆಜ್ಞೆ ಮಾಡಬೇಕಾಗಲಿಲ್ಲ. ನೇಮಕವಾದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ನಿಖರವಾದ ಚಿತ್ರ ನನಗೆ ಗೊತ್ತಿಲ್ಲ. ವಿಕರ್ಣನಾದರೂ ಕೊನೆಗೆ ಅಣ್ಣನ ಪರವಾಗಿಯೇ ಹೋರಾಡಿ ಸತ್ತ. ಅವನು ಮನೆಗೆ ಎರಡು ಬಗೆಯಲೂ ಇಲ್ಲ, ಸಭೆಯಲ್ಲಿ ಬಾಯಿ ಮುಚ್ಚಲೂ ಇಲ್ಲ. ನಮ್ಮಲ್ಲಿ ಮಕ್ಕಳಿಗೆ ಕರ್ಣ ಎಂದು ಹೆಸರಿಡುತ್ತಾರೆ. ವಿಕರ್ಣ ಎಂದು ಇಟ್ಟವರನ್ನು ನಾನು ಕಂಡಿಲ್ಲ.

ಈ ಋಣವನ್ನೇ ಇಲ್ಲದಂತೆ ಮಾಡುವ ದಾರಿ ಇದೆಯೆ? ಚೆನ್ನೈನಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿ, ಕಾಂಚಿ ಸೀಮೆಯಲ್ಲಿ, ಉತ್ತರಮೇರೂರು ಎಂಬ ಊರಿದೆ. ಹೋದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ವೈಕುಂಠ ಪೆರುಮಾಳ್ ಗುಡಿಯ ಗೋಡೆಯ ಮೇಲೆ ಪರಾಂತಕ ಚೋಳನ ಕಾಲದ, ಸುಮಾರು 919 ಮತ್ತು 921ರ, ಎರಡು ಶಾಸನಗಳು. ಆಗಲೇ ನಮ್ಮ ಕಡೆ ಪಂಪ ಹುಡುಗನಾಗಿದ್ದ. ಊರಿನ ಸಭೆಗೆ, ಕೆರೆ ಸಮಿತಿಗೆ, ತೋಟದ ಸಮಿತಿಗೆ ಜನರನ್ನು ಆರಿಸುವುದು ಹೇಗೆ ಎಂದು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಊರನ್ನು ಮೂವತ್ತು ಕೇರಿಗಳಾಗಿ ಮಾಡಬೇಕು. ಅರ್ಹರ ಹೆಸರನ್ನು ಓಲೆಯ ಚೂರುಗಳಲ್ಲಿ ಬರೆದು ಗಡಿಗೆಗೆ ಹಾಕಬೇಕು. ಗಡಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆ ಎಂದು ತಿಳಿಯದ ಹುಡುಗನೊಬ್ಬ ಓಲೆ ಎತ್ತಬೇಕು. ಅದನ್ನು ಪಡೆಯುವವನು ಐದೂ ಬೆರಳು ಬಿಡಿಸಿ ಅಂಗೈ ಚಾಚಬೇಕು, ಕೈಯೊಳಗೆ ಬೇರೆ ಓಲೆ ಬಚ್ಚಿಟ್ಟುಕೊಳ್ಳದಂತೆ. ಸಾವಿರದ ನೂರು ವರ್ಷ ಹಿಂದಿನವರಿಗೂ ಮನುಷ್ಯರ ಬಗ್ಗೆ ಭ್ರಮೆ ಇರಲಿಲ್ಲ ನೋಡಿ.

ಅಧಿಕಾರ 360 ದಿನ. ಒಮ್ಮೆ ಸದಸ್ಯನಾದವನ ಹೆಸರನ್ನು ಮುಂದಿನ ಮೂರು ವರ್ಷ ಗಡಿಗೆಗೆ ಹಾಕುವಂತಿಲ್ಲ. ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರತ್ತೆಯ ಮಕ್ಕಳು, ಮಾವ, ಭಾವಮೈದ ಎಂದು ಉದ್ದಕ್ಕೂ ನೆಂಟರ ಪಟ್ಟಿ, ಅವರಾರೂ ಬರುವಂತಿಲ್ಲ. ಇದನ್ನು ಹಾಡಿ ಹೊಗಳುವ ಮುಂಚೆ ಹೇಳಬೇಕಾದದ್ದು: ಅದು ಬ್ರಾಹ್ಮಣರ ಸಭೆ. ತೆರಿಗೆ ಕಟ್ಟುವ ಕಾಲು ವೇಲಿಗಿಂತ ಹೆಚ್ಚಿನ ಜಮೀನು, ಸ್ವಂತ ಮನೆ, ವೇದದ ಓದು, 35ರಿಂದ 70ರೊಳಗಿನ ವಯಸ್ಸು ಇದ್ದವರಿಗಷ್ಟೇ ಪ್ರವೇಶ. ಕೆರೆಯ ಹೂಳೆತ್ತುತ್ತಿದ್ದವನ ಹೆಸರು ಗಡಿಗೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಆ ಕಟ್ಟಳೆ ಬಂದದ್ದೂ ದೊರೆಯ ಅಪ್ಪಣೆಯ ಮೇಲೆ, ಅವನ ಅಧಿಕಾರಿಯ ಎದುರಿನಲ್ಲಿ.

ಆದರೂ ಆ ಗಡಿಗೆಯಲ್ಲಿ ಒಂದು ವಿಷಯವಿದೆ. ಅದರಿಂದ ಹೆಸರು ಬಂದವನು ಯಾರಿಗೂ ಋಣಿಯಲ್ಲ. ಗಡಿಗೆಗೆ ಯಾರು ತಾನೆ ಋಣಿಯಾಗಿರುತ್ತಾರೆ?

ವಾಪಸು ಬರುವಾಗ ಮಗಳು ಕೇಳಿದಳು, ‘ಅಪ್ಪ, ಚೀಟಿ ಎತ್ತೋ ಹುಡುಗನನ್ನ ಯಾರು ಸೆಲೆಕ್ಟ್ ಮಾಡ್ತಿದ್ರು?’ ಮನೆಗೆ ಬಂದು ಶಾಸನದ ಅನುವಾದ ತೆಗೆದು ನೋಡಿದೆ. ಹತ್ತಿರ ನಿಂತಿರುವ ಯಾರಾದರೂ ಒಬ್ಬ ಹುಡುಗ ಎಂದಷ್ಟೇ ಇದೆ.

ಹಾಗೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಚೀಟಿ ಎತ್ತಿ ಎಂದು ನಾನು ಹೇಳಲಾರೆ. ನೀರಿನಲ್ಲಿ ಆಮ್ಲಜನಕದ ಬೇಡಿಕೆ ಎಂದರೇನು ಎಂದು ತಿಳಿಯದವರು ಅಲ್ಲಿ ಕೂತು ಏನು ಮಾಡಿಯಾರು? ಚುನಾಯಿತ ಸರ್ಕಾರಕ್ಕೆ ತನ್ನ ಜನರನ್ನು ಆರಿಸುವ ಹಕ್ಕಿಲ್ಲವೆ ಎಂಬ ಪ್ರಶ್ನೆಯನ್ನೂ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಾವು ಓಟು ಹಾಕಿದ್ದು ಅವರಿಗೆ, ಯಾವುದೋ ಆಯ್ಕೆ ಸಮಿತಿಯ ಪ್ರೊಫೆಸರರಿಗಲ್ಲ. ಆ ಪ್ರೊಫೆಸರರಿಗೂ ಅವರವರ ಋಣಗಳಿರುತ್ತವೆ, ಕಾರ್ಖಾನೆಗಳ ಕನ್ಸಲ್ಟೆನ್ಸಿ, ನಿವೃತ್ತಿಯ ನಂತರದ ಆಸೆ. ರಸ್ತೆ, ಶಾಲೆ ಕಟ್ಟಿಸುವ ನಿಗಮಕ್ಕೆ ಸರ್ಕಾರ ತನ್ನವರನ್ನೇ ಕೂರಿಸಿದರೆ ನನ್ನ ತಕರಾರು ಕಡಿಮೆ. ಸರ್ಕಾರದ ಕೆಲಸ ಮಾಡುವ ಮಂಡಳಿ ಬೇರೆ, ಸರ್ಕಾರಕ್ಕೆ ಬೇಡ ಅನ್ನಬೇಕಾದ ಮಂಡಳಿ ಬೇರೆ. ನಮ್ಮ ಪಟ್ಟಿಗಳು ಈ ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿ ಹಂಚುತ್ತವೆ.

ಸಂವಿಧಾನ ಬರೆದವರಿಗೆ ಈ ವ್ಯತ್ಯಾಸ ತಿಳಿದಿತ್ತು. ರಾಜ್ಯ ಲೋಕಸೇವಾ ಆಯೋಗವನ್ನು ನೋಡಿ. 316ನೇ ವಿಧಿಯ ಪ್ರಕಾರ ಸದಸ್ಯರನ್ನು ನೇಮಿಸುವವರು ರಾಜ್ಯಪಾಲರು, ಅಂದರೆ ವಾಸ್ತವದಲ್ಲಿ ರಾಜ್ಯ ಸರ್ಕಾರ. ಆದರೆ 317ರ ಪ್ರಕಾರ ತೆಗೆಯುವ ಅಧಿಕಾರ ರಾಷ್ಟ್ರಪತಿಯದು. ದುರ್ನಡತೆಯ ಆರೋಪವಾದರೆ ಸುಪ್ರೀಂ ಕೋರ್ಟಿನ ವಿಚಾರಣೆಯೂ ಆಗಬೇಕು. ಕೊಟ್ಟ ಕೈಗೆ ಕಿತ್ತುಕೊಳ್ಳಲು ಬಿಡಲಿಲ್ಲ. 319ನೇ ವಿಧಿ ಇನ್ನೂ ಚೆನ್ನ: ಸದಸ್ಯತ್ವ ಮುಗಿದ ಮೇಲೆ, ಲೋಕಸೇವಾ ಆಯೋಗಗಳ ಕೆಲವು ಹುದ್ದೆಗಳನ್ನು ಬಿಟ್ಟರೆ, ಸರ್ಕಾರದ ಬೇರೆ ಯಾವ ನೌಕರಿಗೂ ಅವರು ಹೋಗುವಂತಿಲ್ಲ. ಹಳೆಯ ಋಣವನ್ನು ಅಳಿಸಲಾಗದಿದ್ದರೂ ಮುಂದಿನ ಆಸೆಯನ್ನಾದರೂ ಮುರಿಯೋಣ ಎಂಬ ಲೆಕ್ಕಾಚಾರ. ಅದರಿಂದ ಆಯೋಗಗಳೆಲ್ಲ ಪರಿಶುದ್ಧವಾದವು ಎಂದಲ್ಲ; ಪತ್ರಿಕೆ ಓದುವ ಯಾರಿಗೂ ಆ ಭ್ರಮೆ ಇರಲಾರದು. ಆದರೆ ಉಪಕಾರ ಪಡೆದವನು ಬಾಯಿ ತೆರೆದರೆ ಕಳೆದುಕೊಳ್ಳುವುದೇನು ಎಂದು ಯಾರೋ ಕೂತು ಯೋಚಿಸಿದ್ದಾರೆ. 1974ರ ಕಾಯ್ದೆಯಲ್ಲಿ ನನಗೆ ಆ ಯೋಚನೆ ಕಾಣಲಿಲ್ಲ. ನನ್ನ ಮೇಲ್‌ನಲ್ಲೂ ಇರಲಿಲ್ಲ.

ಊರಿನ ಆ ಹೊಸ ಡೈರೆಕ್ಟರ್ ಬಗ್ಗೆ ಮಾವನನ್ನು ಮತ್ತೆ ಕೇಳಿದೆ. ಯಾವ ಬೋರ್ಡು ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ‘ಒಂದಿನ ಮನೆಗೆ ಬಂದಿದ್ದ. ಮೀಟಿಂಗ್‌ನಲ್ಲಿ ಏನು ಮಾತಾಡ್ಬೇಕು ಅಂತ ಗೊತ್ತಾಗಲ್ಲ ಅಂದ’ ಅಂದರು. ನನಗೆ ಅವನ ಮೇಲೆ ಕನಿಕರವಾಯಿತು, ಸ್ವಲ್ಪ ಗೌರವವೂ.

ಹದಿನೈದು ದಿನದ ಹಿಂದೆ ನನಗೆ ಮತ್ತೆ ಅಂಥದ್ದೇ ಮೇಲ್ ಬಂತು. ಹೊಸ ಪ್ರಾಜೆಕ್ಟ್, ಹೊಸ ಪರಿಶೀಲನಾ ಸಮಿತಿ, ಮೂರು ಹೆಸರು ಸೂಚಿಸಿ. ಈ ಸಲ, ನನ್ನ ಕೆಲಸವನ್ನು ನೋಡುವವರ ಹೆಸರನ್ನು ನಾನು ಕೊಡುವುದು ಸರಿಯಲ್ಲ ಎಂದು ವಿನಯವಾಗಿಯೇ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಒಳ್ಳೆಯ ಮಾತು. ಹಾಗಾದರೆ ಯಾರು ಕೊಡಬೇಕು, ನೀವೇ ಸೂಚಿಸಿ.’

ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.